ಅಂಗಳದ ಆಟಿಕೆಗಳು: ಚಿಕ್ಕ ಮಕ್ಕಳ ಪೋಷಕರಿಗೆ ಒಂದು ಪಾಠ



ಬೇಸಿಗೆ ರಜೆ ಬಂತು. ಮಕ್ಕಳು ಮನೆಯಲ್ಲಿದ್ದಾರೆ, ಮೊಬೈಲು ಅವರ ಕೈಯಲ್ಲಿದೆ. ಕಸಿದುಕೊಂಡರೆ ಅಳು, ಕೊಟ್ಟರೆ ನಮಗೆ ಸಂಕಟ. ನಮ್ಮ ಧರ್ಮಕೇಂದ್ರದ ಕ್ರೈಸ್ತ ಶಿಕ್ಷಣದ ಶಿಕ್ಷಕಿಯರಾದ ನಾವು ಎರಡು ವರ್ಷಗಳಿಂದ ಭಾನುವಾರದ ಪೂಜೆಯ ಬಳಿಕ ಮೂರರಿಂದ ಆರು ವರ್ಷದ ಮಕ್ಕಳನ್ನು ಮರದ ನೆರಳಲ್ಲಿ ಕೂರಿಸಿ ಅರ್ಧ ಗಂಟೆ ಆಟಿಕೆ ಮಾಡಿಸುತ್ತಿದ್ದೇವೆ. ಅಂಗಡಿಯಿಂದ ತಂದದ್ದು ದಾರ ಮತ್ತು ಕಾಗದದ ಲೋಟ ಮಾತ್ರ. ಉಳಿದದ್ದೆಲ್ಲ ತೋಟದ್ದು, ಅಡುಗೆಮನೆಯದ್ದು. ಈ ಅನುಭವದಿಂದ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ಅದರಲ್ಲಿ ನಮ್ಮದೇ ಒಂದು ತಪ್ಪೂ ಇದೆ. ಅದನ್ನೇ ಮೊದಲು ಹೇಳಿಬಿಡುವುದು ಒಳ್ಳೆಯದು.

ಕಳೆದ ವರ್ಷ ಒಂದು ಭಾನುವಾರ, "ಮುಂದಿನ ವಾರ ಎಲ್ಲರೂ ಅರಳಿ ಎಲೆ ತನ್ನಿ, ಪೀಪಿ ಮಾಡೋಣ" ಎಂದೆವು. ಅರಳಿಯ ಎಳೆ ಎಲೆಯನ್ನು ಸುರುಳಿ ಸುತ್ತಿ, ಒಂದು ತುದಿಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ, ತುಟಿಯ ನಡುವೆ ಇಟ್ಟು ಊದಿದರೆ ಪೀಪಿ ಕೂಗುತ್ತದೆ. ನಾವೆಲ್ಲ ಚಿಕ್ಕಂದಿನಲ್ಲಿ ಮಾಡಿದ್ದೇ. ಮುಂದಿನ ವಾರ ಬಂದ ಎಲೆಗಳಲ್ಲಿ ಒಂದು ಕಟ್ಟು ಬೇರೆ ಇತ್ತು: ಉದ್ದ, ಕಿರಿದು, ದಪ್ಪ. ತಂದದ್ದು ಮನೆಯಲ್ಲಿ ಮಲಯಾಳ ಮಾತನಾಡುವ ಒಂದು ಪುಟ್ಟ ಹುಡುಗಿ. ತಪ್ಪು ಅವಳದ್ದಲ್ಲ, ಅವಳ ತಾಯಿಯದ್ದೂ ಅಲ್ಲ. ಕನ್ನಡದಲ್ಲಿ ಅರಳಿ ಎಂದರೆ ಅಶ್ವತ್ಥ. ಮಲಯಾಳದಲ್ಲಿ ಅರಳಿ ಎಂದರೆ ನಮ್ಮ ಕಣಗಿಲೆ. ಅವರು ಅಶ್ವತ್ಥಕ್ಕೆ ಅರಯಾಲ್ ಎನ್ನುತ್ತಾರೆ. ಕಣಗಿಲೆಯ ಎಲೆ, ಹೂವು, ಕೋಲು, ಹಾಲು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವ ವಿಷ. ಅದನ್ನು ನಾವು ಮಕ್ಕಳ ತುಟಿಗೆ ಇಡಿಸುವುದರಲ್ಲಿದ್ದೆವು. ನಮ್ಮಲ್ಲೊಬ್ಬರು ಕಟ್ಟನ್ನು ಬಿಚ್ಚುವಾಗಲೇ ಗಮನಿಸಿದ್ದರಿಂದ ಏನೂ ಆಗಲಿಲ್ಲ. ಮಕ್ಕಳ ಕೈ ಸಾಬೂನಿನಲ್ಲಿ ತೊಳೆಸಿ, ಎಲೆಗಳನ್ನು ಹೂತು, ಆ ದಿನ ಪೀಪಿ ಬಿಟ್ಟು ಕಥೆ ಹೇಳಿ ಕಳುಹಿಸಿದೆವು. ಕಥೆ ಹೇಳುವಾಗ ನಮ್ಮ ದನಿ ನಡುಗುತ್ತಿತ್ತು.

ಕನ್ನಡ, ಕೊಂಕಣಿ, ತುಳು, ಮಲಯಾಳ ಒಂದೇ ಅಂಗಳದಲ್ಲಿ ಓಡಾಡುವ ಕಾಸರಗೋಡಿನ ಈ ಸೀಮೆಯಲ್ಲಿ ಮಗುವಿಗೆ ಒಂದು ವಸ್ತುವನ್ನು ಹೆಸರಿನಿಂದ ಮಾತ್ರ ಹೇಳಿದರೆ ಸಾಲದು, ಕೈಯಲ್ಲಿ ಹಿಡಿದು ತೋರಿಸಬೇಕು. ಅಂದಿನಿಂದ ನಾವು "ತನ್ನಿ" ಎನ್ನುವುದಿಲ್ಲ, ಒಂದು ಮಾದರಿ ಎಲೆಯನ್ನು ಎಲ್ಲರ ಕೈಗೂ ಕೊಟ್ಟು "ಇಂಥದ್ದು ತನ್ನಿ" ಎನ್ನುತ್ತೇವೆ. ಪೀಪಿಗೆ ಈಗ ತೆಂಗಿನ ಗರಿ ಮಾತ್ರ. ಅದನ್ನು ಗುರುತಿಸಲು ತಪ್ಪುವ ಮಗು ಈ ಊರಲ್ಲಿ ಹುಟ್ಟಿಲ್ಲ.

ಹೆಸರಿನ ಗೊಂದಲ ಕೆಲವೊಮ್ಮೆ ನಗುವನ್ನೂ ತರುತ್ತದೆ. "ಹಾಳೆ ತನ್ನಿ" ಎಂದಾಗ ಒಬ್ಬ ಅಕ್ಕನ ನೋಟ್‌ಬುಕ್ಕಿನಿಂದ ನಾಲ್ಕು ಹಾಳೆ ಹರಿದು ತಂದಿದ್ದ. ನಾವು ಕೇಳಿದ್ದು ಅಡಿಕೆ ಹಾಳೆ. ತುಳುವಿನಲ್ಲಿ ಪಾಳೆ, ಮಲಯಾಳದಲ್ಲಿ ಪಾಳ ಎಂದ ಮೇಲೆ ಅವನಿಗೆ ತಿಳಿಯಿತು. ಅಕ್ಕನಿಗೆ ನಾವೇ ಕ್ಷಮೆ ಕೇಳಿದೆವು.

ಅಡಿಕೆ ಹಾಳೆಯ ಗಾಡಿಯಷ್ಟು ಸುಲಭದ ಆಟಿಕೆ ಇನ್ನೊಂದಿಲ್ಲ, ಏಕೆಂದರೆ ಮಾಡುವುದಕ್ಕೆ ಏನೂ ಇಲ್ಲ. ಹೊಸದಾಗಿ ಬಿದ್ದ ಹಾಳೆಯ ಸೋಗೆಯನ್ನು ಸವರಿ ದಂಟನ್ನು ಉಳಿಸಿಕೊಳ್ಳಿ. ಅಗಲವಾದ ಭಾಗದ ಮೇಲೆ ಮಗು ಕೂತು ದಂಟನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ದಂಟಿನ ತುದಿ ಹಿಡಿದು ಅಣ್ಣನೋ ಅಪ್ಪನೋ ಎಳೆಯಬೇಕು. ಹಾಳೆ ಒಣಗಿ ಗಡುಸಾಗಿದ್ದರೆ ಅಂಚು ಸೀಳಿ ತೊಡೆಗೆ ಚುಚ್ಚುತ್ತದೆ, ಹಾಗಾಗಿ ಅರ್ಧ ಗಂಟೆ ನೀರಲ್ಲಿ ನೆನೆಸಿ. ಜಲ್ಲಿಯ ಮೇಲೆ ಎಳೆಯಬೇಡಿ. ಒಂದು ಹಾಳೆ ಒಂದೆರಡು ದಿನಕ್ಕೆ ಸವೆಯುತ್ತದೆ, ಸವೆದರೆ ದನದ ಕೊಟ್ಟಿಗೆಗೆ. ಪ್ಲಾಸ್ಟಿಕ್ ಕಾರು ಮುರಿದಾಗ ಅಳುವ ಮಗು ಹಾಳೆ ಹರಿದಾಗ ಅಳುವುದಿಲ್ಲ, ಇನ್ನೊಂದು ಹುಡುಕಲು ತೋಟಕ್ಕೆ ಓಡುತ್ತದೆ. ಇದು ನಾವು ನೋಡಿದ್ದು.

ತೆಂಗಿನ ಗರಿಯ ಗಿರಗಿಟ್ಲೆಯನ್ನು ಬರೆದು ತಿಳಿಸುವುದು ಕಷ್ಟ. ಒಂದು ಗರಿಯ ಕಡ್ಡಿ ತೆಗೆದರೆ ಎರಡು ಪಟ್ಟಿ ಸಿಗುತ್ತದೆ. ಗೇಣುದ್ದಕ್ಕೆ ಕತ್ತರಿಸಿ ಎರಡನ್ನೂ ಮಡಚಿ, ಒಂದರ ಮಡಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಿ ಎಳೆದರೆ ನಡುವೆ ಪುಟ್ಟ ಚೌಕ ಗಂಟು ಬೀಳುತ್ತದೆ. ಗಂಟಿಗೆ ಕಡ್ಡಿ ತೂರಿಸಿ ಗಾಳಿಗೆ ಹಿಡಿದು ಓಡಬೇಕು. ಇಷ್ಟು ಓದಿ ಯಾರಿಗೂ ಬರುವುದಿಲ್ಲ. ಮನೆಯಲ್ಲಿ ಅಜ್ಜ ಇದ್ದರೆ ಮಗುವನ್ನು ಅವರ ಪಕ್ಕ ಕೂರಿಸಿ. ಬಹಳ ದಿನದಿಂದ ಅವರನ್ನು ಯಾರೂ ಏನೂ ಕೇಳಿರಲಿಕ್ಕಿಲ್ಲ. ಒಂದು ಎಚ್ಚರಿಕೆ: ಕಡ್ಡಿಯ ತುದಿ ಕಣ್ಣಿಗೆ ಅಪಾಯ. ಐದು ವರ್ಷಕ್ಕಿಂತ ಚಿಕ್ಕವರಿಗೆ ಕಡ್ಡಿಯ ಬದಲು ಬಿಗಿಯಾಗಿ ಸುತ್ತಿದ ಕಾಗದದ ನಳಿಗೆ ಕೊಡಿ.

ಗೆರಟೆ ನಡಿಗೆ ನಾಲ್ಕು ವರ್ಷ ದಾಟಿದವರಿಗೆ. ಎರಡು ಗೆರಟೆಗಳನ್ನು ಕವುಚಿ ಹಾಕಿ, ಮೇಲಿನ ತೂತಿನಿಂದ ಹಗ್ಗ ತೂರಿಸಿ ಒಳಗೆ ಗಂಟು ಹಾಕಬೇಕು. ಮಗು ಗೆರಟೆಯ ಮೇಲೆ ನಿಂತು, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗ ಸಿಕ್ಕಿಸಿ, ಮೇಲಿನ ತುದಿಯನ್ನು ಕೈಯಲ್ಲಿ ಎಳೆದು ಹಿಡಿದು ಟಕ್ ಟಕ್ ನಡೆಯುತ್ತದೆ. ಹಗ್ಗ ಸೊಂಟದವರೆಗೆ ಬಂದರೆ ಸಾಕು. ಕಣ್ಣಿರುವ ಅರ್ಧದಲ್ಲಿ ತೂತು ಮಾಡುವುದು ಸುಲಭ, ಆದರೆ ಒಂದು ಕಾಯಿಯಲ್ಲಿ ಕಣ್ಣಿರುವುದು ಒಂದೇ ಅರ್ಧಕ್ಕೆ. ಆದ್ದರಿಂದ ಒಂದೇ ಗಾತ್ರದ ಎರಡು ಕಾಯಿ ಒಡೆಯುವವರೆಗೆ ಕಾಯಬೇಕು. ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ.

ಅಜ್ಜಿಯಂದಿರಿಗೆ ಇಷ್ಟವಾದದ್ದು ಚೆನ್ನೆಮಣೆ. ಮೊಟ್ಟೆಯ ರಟ್ಟಿನ ತಟ್ಟೆಯಿಂದ ಆರು ಕುಳಿಗಳ ಎರಡು ಸಾಲು ಕತ್ತರಿಸಿದೆವು. ನಿಜವಾದ ಚೆನ್ನೆಮಣೆಗೆ ಹದಿನಾಲ್ಕು ಕುಳಿ, ನಮ್ಮದಕ್ಕೆ ಹನ್ನೆರಡು. ಮಕ್ಕಳು ಒಪ್ಪಿದರು, ಒಬ್ಬರು ಅಜ್ಜಿ ಒಪ್ಪಲಿಲ್ಲ. ಕೊನೆಗೆ ಎರಡು ಕುಳಿ ಕತ್ತರಿಸಿ ಅಂಟಿಸಿಯೇ ಆಟಕ್ಕೆ ಕೂತರು. ಕುಳಿಗೆ ನಾಲ್ಕರಂತೆ 56 ಬೀಜ ಬೇಕು. ಲೆಕ್ಕ ಕಲಿಯಲು ಐದಾರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ.

ಬೀಜದ ವಿಷಯದಲ್ಲಿ ಸ್ವಲ್ಪ ನಿಂತು ಓದಿ. ಹಿಂದೆ ಈ ಆಟಕ್ಕೆ ಮಂಜೊಟ್ಟಿ ಬೀಜ ಬಳಸುತ್ತಿದ್ದರು. ಮಲಯಾಳದಲ್ಲಿ ಮಂಜಾಡಿ. ಅದು ಪೂರ್ತಿ ಕೆಂಪು. ಬೇಲಿಯ ಬಳ್ಳಿಯಲ್ಲಿ ಸಿಗುವ ಇನ್ನೊಂದು ಕೆಂಪು ಬೀಜವಿದೆ, ಅದಕ್ಕೆ ಕಪ್ಪು ಮಚ್ಚೆ. ಅದು ಗುಲಗಂಜಿ, ಮಲಯಾಳದ ಕುನ್ನಿಕ್ಕುರು. ನೋಡಲು ಇದೇ ಹೆಚ್ಚು ಚಂದ, ಮಕ್ಕಳು ಆರಿಸುವುದೂ ಇದನ್ನೇ. ಗುಲಗಂಜಿಯೊಳಗಿನ ವಿಷ ಜೀವ ತೆಗೆಯುವಷ್ಟು ಕಟು. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದ್ದು ಎಷ್ಟೋ ಸಲ ಹಾಗೆಯೇ ಹೊರಬರಬಹುದು, ಆದರೆ ಜಗಿದರೆ ಅಥವಾ ಸರಕ್ಕೆ ಪೋಣಿಸಲು ತೂತು ಮಾಡಿದ ಬೀಜವಾದರೆ ಹಾಗಲ್ಲ. ಹರಳು ಬೀಜವೂ ಹಳದಿ ಕಣಗಿಲೆಯ ಕಾಯಿಯೂ ಇದೇ ಸಾಲಿಗೆ ಸೇರಿದವು. ಮಗು ಬಾಯಿಗೆ ಹಾಕಿದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಯಲ್ಲಿ ಉಳಿದದ್ದನ್ನು ತೆಗೆದು, ಆ ಬೀಜವನ್ನೋ ಎಲೆಯನ್ನೋ ಜೊತೆಗೆ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ. ಮಗು ಆರಾಮವಾಗಿ ಕಂಡರೂ ಹೋಗಿ, ವಿಷದ ಲಕ್ಷಣ ತಡವಾಗಿ ಕಾಣಿಸಬಹುದು. ಚೆನ್ನೆಗೆ ನಾವು ಬಳಸುವುದು ಹುಣಸೆ ಬೀಜ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಅಂಗಡಿಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮನೆಯಲ್ಲಿ ಮಾಡಿದ್ದಕ್ಕೆ ಗುರುತು ಹಾಕುವವರಿಲ್ಲ, ಪರೀಕ್ಷಕರು ನಾವೇ. ಒಂದು ಸುಲಭದ ಪರೀಕ್ಷೆ ಇದೆ. ಕೈವಾರವನ್ನು 1.6 ಸೆಂಟಿಮೀಟರಿಗೆ ತೆರೆದು ರಟ್ಟಿನ ಮೇಲೆ ವೃತ್ತ ಬರೆದು ಕತ್ತರಿಸಿ. 3.2 ಸೆಂಟಿಮೀಟರ್ ಅಗಲದ ತೂತು ಸಿಗುತ್ತದೆ. ಸಣ್ಣ ತುಂಡುಗಳನ್ನು ಪರೀಕ್ಷಿಸಲು ಆಟಿಕೆ ತಯಾರಕರು ಬಳಸುವ ಅಳತೆಯೂ ಹೆಚ್ಚುಕಡಿಮೆ ಇಷ್ಟೇ. ಇದರೊಳಗೆ ತೂರುವ ಗುಂಡಿ, ಬೀಜ, ಮುಚ್ಚಳ ಯಾವುದನ್ನೂ ಮೂರು ವರ್ಷದೊಳಗಿನ ಮಗುವಿಗೆ ಕೊಡಬಾರದು. ಚೆಂಡಾದರೆ ಇನ್ನೂ ದೊಡ್ಡದಿರಲಿ, ನಾಲ್ಕೂವರೆ ಸೆಂಟಿಮೀಟರಿಗಿಂತ ಹೆಚ್ಚು. ಒಡೆದ ಬಲೂನಿನ ಚೂರು, ನಾಣ್ಯದಂಥ ಚಿಕ್ಕ ಬ್ಯಾಟರಿ ಇವು ಮನೆಯಲ್ಲಿ ಮಗುವಿನ ಕೈಗೆ ಸಿಗಲೇಬಾರದು. ಅಣ್ಣನ ಆಟಿಕೆ ತಮ್ಮನ ಬಾಯಿಗೆ ಹೋಗುತ್ತದೆ ಎಂಬುದನ್ನು ಎರಡು ಮಕ್ಕಳ ತಾಯಂದಿರಿಗೆ ಹೇಳಬೇಕಾಗಿಲ್ಲ.

ಆಡುವ ವಸ್ತುವಿನಿಂದಲೇ ವಿಜ್ಞಾನ ಕಲಿಸಿದವರು ಅರವಿಂದ ಗುಪ್ತಾ. ಐಐಟಿ ಕಾನ್ಪುರದಲ್ಲಿ ಇಂಜಿನಿಯರಿಂಗ್ ಓದಿದ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್, ಹಳೆ ಪತ್ರಿಕೆಗಳಿಂದ ನೂರಾರು ಆಟಿಕೆ ಮಾಡಿ ತೋರಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅವರಂತೆ ನಾವೂ ದಾರದ ಟೆಲಿಫೋನು ಮಾಡಿಸುತ್ತೇವೆ. ಎರಡು ಕಾಗದದ ಲೋಟ, ಐದಾರು ಮೀಟರ್ ದಾರ, ಗಂಟು ಜಾರದಂತೆ ಒಳಗೆ ಬೆಂಕಿಕಡ್ಡಿಯ ತುಂಡು, ಮದ್ದು ತೆಗೆದದ್ದು. ದಾರ ಬಿಗಿಯಾಗಿದ್ದರೆ ಮಾತು ಕಂಪಿಸುತ್ತಾ ಹೋಗಿ ಆ ಕಡೆಯ ಕಿವಿ ತಲುಪುತ್ತದೆ. ಸಡಿಲವಾದರೆ, ಯಾರಾದರೂ ನಡುವೆ ದಾರ ಮುಟ್ಟಿದರೆ, ಮಾತು ಅಲ್ಲೇ ನಿಲ್ಲುತ್ತದೆ. ಆಟ ಮುಗಿದೊಡನೆ ದಾರ ಸುತ್ತಿ ಮೇಲಿಡಿ, ಚಿಕ್ಕವರ ಕುತ್ತಿಗೆಗೆ ಸುತ್ತಿಕೊಳ್ಳದಿರಲಿ.

ಕಾಲುಚೀಲದ ಗೊಂಬೆಯನ್ನು ನಾವು ಮಾಡಿದ್ದು ಮಾತಾಡದ ಮಗುವಿಗಾಗಿ. ಅರಳಿ ಎಲೆ ತಂದ ಅದೇ ಹುಡುಗಿ. ಆ ದಿನದ ಗಡಿಬಿಡಿಯಲ್ಲಿ ತನ್ನಿಂದ ಏನೋ ತಪ್ಪಾಯಿತು ಎಂದುಕೊಂಡಳೋ ಏನೋ, ಮೂರು ವಾರ ಬಾಯಿ ಬಿಡಲಿಲ್ಲ. ನಾವು ಕೇಳಿದರೆ ತಾಯಿಯ ಸೀರೆಯ ಹಿಂದೆ. ಹಳೆಯ ಕಾಲುಚೀಲಕ್ಕೆ ಕಪ್ಪು ನೂಲಿನಲ್ಲಿ ಕಣ್ಣು ಹೊಲಿದೆವು (ಗುಂಡಿ ಬೇಡ, ಕಿತ್ತು ಬರುತ್ತದೆ), ಕೆಂಪು ಬಟ್ಟೆಯ ನಾಲಗೆ ಇಟ್ಟೆವು, ಪುಟ್ಟಕ್ಕ ಎಂದು ಹೆಸರಿಟ್ಟೆವು. ಪುಟ್ಟಕ್ಕನಿಗೆ ಯಾವುದರ ಹೆಸರೂ ನೆನಪಿರುವುದಿಲ್ಲ, ಅದೇ ಅವಳ ಗುಣ. ಗೆರಟೆಯನ್ನು ಕಚ್ಚಿ ಹಿಡಿದು, "ಇದಕ್ಕೆ ಏನಂತಾರಪ್ಪಾ, ಮರೆತೇಹೋಯ್ತು" ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸೀರೆಯ ಹಿಂದಿನಿಂದ ಸಣ್ಣ ದನಿ: "ಚಿರಟ್ಟ." ಉಳಿದವರು "ಗೆರಟೆ" ಎಂದು ಕೂಗಿದರು. ಪುಟ್ಟಕ್ಕ ಎರಡನ್ನೂ ಹೇಳಿ ತಲೆದೂಗಿದಳು. ಅಂದು ಆ ಮಗು ಹೊರಡುವಾಗ ಗೊಂಬೆಯ ಮೂಗಿಗೆ ಮುತ್ತು ಕೊಟ್ಟು ಹೋಯಿತು.

ಮನೆಯಲ್ಲೂ ಹೀಗೆ ಮಾಡಿನೋಡಿ. ಮಗು ಶಾಲೆಯಲ್ಲಿ ಕಲಿತ ಹೆಸರನ್ನು ತಿದ್ದಬೇಡಿ, ಅದರ ಪಕ್ಕ ಮನೆಯ ಹೆಸರನ್ನೂ ಇಡಿ. ಕೈ ಕೆಲಸದಲ್ಲಿರುವಾಗ ಕೇಳಿದ ಮಾತು ಚೆನ್ನಾಗಿ ಉಳಿಯುತ್ತದೆ.

ಈ ತಿಂಗಳ ಎರಡನೆಯ ಭಾನುವಾರದಿಂದ ರಜೆ ಮುಗಿಯುವವರೆಗೆ ಪೂಜೆಯ ನಂತರ ಅಂಗಳದಲ್ಲಿರುತ್ತೇವೆ. ಮೊದಲ ವಾರ ಹಾಳೆ ಗಾಡಿ, ಎರಡನೆಯ ವಾರ ಗೆರಟೆ ನಡಿಗೆ. ವಾಳೆಯ ಗುರಿಕಾರರ ಬಳಿ ಮಾದರಿ ಇಟ್ಟಿದ್ದೇವೆ, ನೋಡಿಕೊಂಡು ತನ್ನಿ. ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ. ಗಿರಗಿಟ್ಲೆಗೆ ಗಂಟು ಹಾಕಲು ನಮ್ಮಲ್ಲಿ ಇಬ್ಬರಿಗೆ ಮಾತ್ರ ಬರುತ್ತದೆ, ಮಕ್ಕಳು ನಲವತ್ತು ಜನ.