ಗಣಕಯಂತ್ರದ ಸೂಚಕ ಫಲಕ

ಬಾವಿಯ ದಡದಲ್ಲಿ ಓಡುವ ಡೀಸೆಲ್ ಎಂಜಿನ್ನಿನ ಕ್ಷೇಮಸಮಾಚಾರವನ್ನು ತಿಳಿಯಲು ಅನುಭವಿ ರೈತನಿಗೆ ಉಪಕರಣದ ಅಗತ್ಯವಿಲ್ಲ. ಸದ್ದು ಹಗುರಾಗಿ ವೇಗ ಏರಿದರೆ ಪಂಪು ನೀರನ್ನು ಬಿಟ್ಟಿದೆಯೆಂದೂ, ಹೊಗೆ ಕಪ್ಪಾದರೆ ಎಂಜಿನ್ನಿನ ಮೇಲೆ ಭಾರ ಹೆಚ್ಚಾಗಿದೆಯೆಂದೂ ಅವನು ದೂರದಿಂದಲೇ ಗ್ರಹಿಸುತ್ತಾನೆ. ಗಣಕಯಂತ್ರವಾದರೋ ಇಂತಹ ಸುಳಿವುಗಳನ್ನು ಅಷ್ಟಾಗಿ ಕೊಡುವುದಿಲ್ಲ. ಸೆಕೆಂಡಿಗೆ ನೂರಾರು ಕೋಟಿ ಕ್ರಿಯೆಗಳನ್ನು ನಡೆಸುತ್ತಿರುವಾಗಲೂ, ಏನೂ ಮಾಡದೆ ಕಾದಿರುವಾಗಲೂ ಅದರ ಪೆಟ್ಟಿಗೆ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕಾಣುತ್ತದೆ. ಅದರ ಒಳಗಿನ ಸ್ಥಿತಿಯು ಹೊರಗೆ ತಿಳಿಯಬೇಕಾದರೆ ಯಾರಾದರೂ ಅದಕ್ಕೊಂದು ಮುಖವನ್ನು ರಚಿಸಿಕೊಡಬೇಕು. ಆ ಮುಖವೇ ಸೂಚಕ ಫಲಕ.

ಮೊದಮೊದಲಿನ ಗಣಕಯಂತ್ರಗಳಿಗೆ ಇಂತಹ ಮುಖವು ಹುಟ್ಟಿನಿಂದಲೇ ಇದ್ದಿತು. 1948ರ ಜೂನ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಯಂತ್ರವೊಂದು ತನ್ನ ಸ್ಮೃತಿಯಲ್ಲೇ ಇಟ್ಟುಕೊಂಡ ಆಜ್ಞೆಗಳನ್ನು ಅನುಸರಿಸಿ ಲೆಕ್ಕ ಮಾಡಿತು. ಅದರ ಉತ್ತರವನ್ನು ವಿಜ್ಞಾನಿಗಳು ಓದಿದ್ದು ಗಾಜಿನ ಕೊಳವೆಯ ಮುಖದ ಮೇಲೆ ಮೂಡಿದ ಬೆಳಕಿನ ಚುಕ್ಕೆಗಳಿಂದ. 1975ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ 8800 ಎಂಬ ಯಂತ್ರಕ್ಕೆ ಪರದೆಯೂ ಇರಲಿಲ್ಲ, ಕೀಲಿಮಣೆಯೂ ಇರಲಿಲ್ಲ. ಮುಂಭಾಗದಲ್ಲಿ ಸ್ವಿಚ್ಚುಗಳ ಸಾಲುಗಳು ಮತ್ತು 36 ಪುಟ್ಟ ಕೆಂಪು ದೀಪಗಳು ಮಾತ್ರ ಇದ್ದುವು. ಆ ದೀಪಗಳನ್ನು ಓದಬಲ್ಲವನಿಗೆ ಯಂತ್ರವು ಈ ಕ್ಷಣದಲ್ಲಿ ಸ್ಮೃತಿಯ ಯಾವ ಮನೆಯನ್ನು ನೋಡುತ್ತಿದೆ ಎಂಬುದು ತಿಳಿಯುತ್ತಿತ್ತು. ಪರದೆ ಮತ್ತು ಕೀಲಿಮಣೆಗಳು ಬಂದ ಮೇಲೆ ದೀಪಗಳ ಸಾಲು ಮಾಯವಾಯಿತು. ಯಂತ್ರವು ಬಳಸುವವನಿಗೆ ಹತ್ತಿರವಾಯಿತು. ಆದರೆ ಅದರ ಒಡಲು ಮರೆಯಾಯಿತು.

ಮರೆಯಾದುದನ್ನು ಮತ್ತೆ ಕಾಣಬೇಕೆಂಬ ಆಸೆಗೆ ಮುಖ್ಯ ಕಾರಣ ಶಾಖ. ಆಲ್ಟೇರಿನ ಪ್ರೊಸೆಸರ್ ವ್ಯಯಿಸುತ್ತಿದ್ದ ಶಕ್ತಿ ಒಂದೆರಡು ವಾಟ್ ಮಾತ್ರ. 2022ರಲ್ಲಿ ಬಂದ ಇಂಟೆಲ್ ಕೋರ್ ಐ9-13900ಕೆ ಎಂಬ ಪ್ರೊಸೆಸರಿಗೆ ತಯಾರಕರು ನಿಗದಿ ಮಾಡಿದ ಗರಿಷ್ಠ ಮಿತಿ 253 ವಾಟ್. ರೇಡಿಯೋ ರಿಪೇರಿ ಮಾಡುವವರು ಬಳಸುವ 25 ವಾಟಿನ ಬೆಸುಗೆಕಡ್ಡಿಗಳು ಹತ್ತು ಸೇರಿದರೆ ಎಷ್ಟು ಶಾಖವೋ, ಅಷ್ಟೂ ಒಂದು ಸಣ್ಣ ಅಂಚೆಚೀಟಿಯಷ್ಟು ಅಗಲದ ಸಿಲಿಕಾನ್ ಬಿಲ್ಲೆಯಿಂದ ಹೊರಬರಬೇಕು. ಬಿಲ್ಲೆಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಯಂತ್ರವೇಕೆ ನಿಧಾನವಾಯಿತು ಎಂದು ಮಾಲೀಕನು ತಲೆ ಕೆರೆದುಕೊಳ್ಳುವಾಗ ಪೆಟ್ಟಿಗೆಯೊಳಗೆ ಧೂಳು ತುಂಬಿದ ಫ್ಯಾನೊಂದು ನಿಂತಿರಬಹುದು.

ಆದುದರಿಂದಲೇ ಆಸಕ್ತರು ತಮ್ಮ ಯಂತ್ರಗಳಿಗೆ ತಾವೇ ಸೂಚಕ ಫಲಕಗಳನ್ನು ರಚಿಸಿಕೊಳ್ಳುತ್ತಾರೆ. ಕೆಲವರು ಪರದೆಯ ಮೂಲೆಯಲ್ಲೇ ಅಂಕಿಗಳು ಮೂಡುವಂತೆ ಮಾಡಿಕೊಳ್ಳುತ್ತಾರೆ; ವಿಂಡೋಸ್ ಬಳಸುವವರಿಗೆ ರೈನ್‌ಮೀಟರ್, ಲಿನಕ್ಸ್ ಬಳಸುವವರಿಗೆ ಕಾಂಕಿ ಎಂಬ ತಂತ್ರಾಂಶಗಳು ಇದಕ್ಕಾಗಿಯೇ ಇವೆ. ಇನ್ನು ಕೆಲವರು ಆರ್ಡ್ವಿನೋದಂತಹ ಚಿಕ್ಕ ನಿಯಂತ್ರಕ ಹಲಗೆಗೆ ಪುಟ್ಟ ಪರದೆಯೊಂದನ್ನು ಜೋಡಿಸಿ ಪೆಟ್ಟಿಗೆಯ ಮುಂಭಾಗದಲ್ಲಿ ಕೂರಿಸುತ್ತಾರೆ. ತಂತಿ ಜೋಡಿಸುವ ಕೆಲಸ ಒಂದೆರಡು ದಿನದ್ದು. ಕಷ್ಟವಿರುವುದು ಅಲ್ಲಲ್ಲ; ಫಲಕದ ಮೇಲೆ ಮೂಡುವ ಪ್ರತಿಯೊಂದು ಅಂಕಿಯೂ ನಿಜವಾಗಿ ಏನನ್ನು ಹೇಳುತ್ತಿದೆ ಎಂಬುದನ್ನು ಅರಿಯುವುದರಲ್ಲಿ.

ಉಷ್ಣತೆಯ ಅಂಕಿಯನ್ನೇ ನೋಡಬಹುದು. ಇಂಟೆಲ್ ಪ್ರೊಸೆಸರುಗಳ ಒಳಗಿರುವ ಸಂವೇದಕವು ಬಿಲ್ಲೆಯು ಎಷ್ಟು ಬಿಸಿಯಾಗಿದೆ ಎಂದು ನೇರವಾಗಿ ಹೇಳುವುದಿಲ್ಲ. ಮೇಲಿನ ಮಿತಿಯನ್ನು ಮುಟ್ಟಲು ಇನ್ನೆಷ್ಟು ಡಿಗ್ರಿ ಉಳಿದಿದೆ ಎಂದು ಹೇಳುತ್ತದೆ. ‘40 ಉಳಿದಿದೆ’ ಎಂದು ಅದು ತಿಳಿಸಿದರೆ, ಮಿತಿ 100 ಇರುವ ಯಂತ್ರದಲ್ಲಿ ತಂತ್ರಾಂಶವು ಕಳೆದು 60 ಎಂದು ತೋರಿಸುತ್ತದೆ. ಮಿತಿಯನ್ನೇ ತಪ್ಪಾಗಿ ತಿಳಿದ ತಂತ್ರಾಂಶದಲ್ಲಿ ಉತ್ತರವೂ ತಪ್ಪು. 2017ರಲ್ಲಿ ಎಎಂಡಿ ಸಂಸ್ಥೆಯ ರೈಜನ್ 7 1800ಎಕ್ಸ್ ಮತ್ತು 1700ಎಕ್ಸ್ ಪ್ರೊಸೆಸರುಗಳನ್ನು ಕೊಂಡವರು ಅವು ಬಹಳ ಕಾಯುತ್ತವೆಂದು ಗಾಬರಿಗೊಂಡರು. ಫ್ಯಾನುಗಳ ನಿಯಂತ್ರಣವು ಎಲ್ಲ ಮಾದರಿಗಳಲ್ಲಿಯೂ ಒಂದೇ ಬಗೆಯಾಗಿರಲೆಂದು ಆ ಮಾದರಿಗಳು ನಿಜವಾದ ಉಷ್ಣತೆಗೆ 20 ಡಿಗ್ರಿ ಕೂಡಿಸಿ ತಿಳಿಸುತ್ತಿವೆಯೆಂದು ಸಂಸ್ಥೆಯು ಅನಂತರ ವಿವರಿಸಿತು. ಬಿಲ್ಲೆಯು 38 ಡಿಗ್ರಿಯಲ್ಲಿದ್ದಾಗ ಫಲಕವು 58 ಎನ್ನುತ್ತಿತ್ತು. ಅಂಕಿಯಲ್ಲಿ ಸುಳ್ಳೇನೂ ಇರಲಿಲ್ಲ; ಅದು ಕೇಳಿದವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ, ಅಷ್ಟೆ.

ಫ್ಯಾನಿನ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕು ಒಂದುಂಟು. ಮದರ್‌ಬೋರ್ಡು ಫ್ಯಾನಿಗೆ ‘ನಿನ್ನ ಶಕ್ತಿಯ ನೂರಕ್ಕೆ 60ರಷ್ಟರಲ್ಲಿ ತಿರುಗು’ ಎಂದು ಒಂದು ತಂತಿಯಲ್ಲಿ ಆಜ್ಞೆ ಕಳುಹಿಸುತ್ತದೆ. ಇನ್ನೊಂದು ತಂತಿಯಲ್ಲಿ ಫ್ಯಾನು ಒಂದು ಸುತ್ತಿಗೆ ಎರಡರಂತೆ ಮಿಡಿತಗಳನ್ನು ಹಿಂದಕ್ಕೆ ಕಳುಹಿಸುತ್ತದೆ. ಸೆಕೆಂಡಿಗೆ 40 ಮಿಡಿತ ಬಂದರೆ 20 ಸುತ್ತು, ಎಂದರೆ ನಿಮಿಷಕ್ಕೆ 1200 ಸುತ್ತು. ಫಲಕದ ಮೇಲೆ ಈ ಎರಡರಲ್ಲಿ ಯಾವುದನ್ನಾದರೂ ತೋರಿಸಬಹುದು. ‘60’ ಎಂಬ ಅಂಕಿ ಚಿಕ್ಕದು, ನೋಡಲೂ ಅಂದ. ಆದರೆ ಅದು ಆಜ್ಞೆಯೇ ಹೊರತು ಫಲವಲ್ಲ. ರೆಕ್ಕೆಗೆ ತಂತಿ ಸಿಕ್ಕಿ ಫ್ಯಾನು ನಿಂತುಹೋದರೂ 60 ಎಂಬುದು 60 ಆಗಿಯೇ ಉಳಿಯುತ್ತದೆ. ಕಾಗದ ಹಾಕಿದ ಮಾತ್ರಕ್ಕೆ ಉತ್ತರ ಬಂದಂತಾಗುವುದಿಲ್ಲ.

ಇದೇ ಭೇದವನ್ನು ಮರೆತ ಒಂದು ದೀಪದಿಂದ ಎಂತಹ ಅನಾಹುತ ಸಂಭವಿಸಬಹುದೆಂಬುದನ್ನು ಜಗತ್ತು ಬೇರೊಂದು ಕಡೆ ಕಂಡಿತು. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ, ತ್ರೀ ಮೈಲ್ ಐಲೆಂಡ್ ಎಂಬಲ್ಲಿ ಪರಮಾಣು ವಿದ್ಯುತ್ ಸ್ಥಾವರವೊಂದಿತ್ತು. 1979ರ ಮಾರ್ಚ್ 28ರಂದು ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ ಅದರ ಎರಡನೆಯ ಘಟಕದಲ್ಲಿ ನೀರುಣಿಸುವ ಪಂಪುಗಳು ನಿಂತುವು. ಒತ್ತಡ ಏರಿದೊಡನೆ ಒಂದು ಕವಾಟವು ತಾನಾಗಿ ತೆರೆದುಕೊಂಡಿತು. ಒತ್ತಡ ಇಳಿದ ಮೇಲೆ ಅದು ಮುಚ್ಚಿಕೊಳ್ಳಬೇಕಾಗಿತ್ತು, ಮುಚ್ಚಲಿಲ್ಲ, ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯಲ್ಲಿ ಆ ಕವಾಟಕ್ಕೆ ಸಂಬಂಧಿಸಿದ ದೀಪವು ಆರಿತು. ಕವಾಟವು ಮುಚ್ಚಿತೆಂದು ಸಿಬ್ಬಂದಿ ತಿಳಿದರು. ಆದರೆ ಆ ದೀಪಕ್ಕೆ ಕವಾಟದ ಸ್ಥಿತಿಯೇ ಗೊತ್ತಿರಲಿಲ್ಲ. ‘ಮುಚ್ಚು’ ಎಂಬ ಸಂಕೇತವು ಹೊರಟಿತೆಂಬುದಷ್ಟೇ ಅದಕ್ಕೆ ಗೊತ್ತಿತ್ತು. ಎರಡು ಗಂಟೆಗೂ ಹೆಚ್ಚು ಕಾಲ ತಂಪುಕಾರಕ ನೀರು ಆ ದಾರಿಯಲ್ಲಿ ಹರಿದುಹೋಯಿತು. ನೀರು ಹೆಚ್ಚಾಗಿದೆಯೆಂಬ ಭ್ರಮೆಯಿಂದ ಸಿಬ್ಬಂದಿಯು ತುರ್ತಿನ ನೀರನ್ನೂ ತಗ್ಗಿಸಿದರು. ಒಳಗಿನ ಇಂಧನದ ಸುಮಾರು ಅರ್ಧ ಭಾಗ ಕರಗಿತು. ಆ ಘಟಕವು ಮತ್ತೆಂದೂ ಕೆಲಸ ಮಾಡಲಿಲ್ಲ.

ಈ ದುರ್ಘಟನೆಯನ್ನು ವಿಚಾರಿಸಲು ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ಆಯೋಗದ ಮುಖ್ಯಸ್ಥರು ಜಾನ್ ಕೆಮೆನಿ. 1964ರಲ್ಲಿ ಥಾಮಸ್ ಕರ್ಟ್ಜ್ ಅವರೊಡನೆ ಬೇಸಿಕ್ ಎಂಬ ಸುಲಭವಾದ ಗಣಕಭಾಷೆಯನ್ನು ರೂಪಿಸಿದ ಗಣಿತಜ್ಞರೇ ಅವರು. ಸಿಬ್ಬಂದಿಯ ತಪ್ಪುಗಳೊಂದಿಗೆ ನಿಯಂತ್ರಣ ಕೊಠಡಿಯ ರಚನೆಯ ದೋಷಗಳನ್ನೂ ಆಯೋಗವು ಎತ್ತಿ ತೋರಿಸಿತು. ಮೊದಲ ಕೆಲವು ನಿಮಿಷಗಳಲ್ಲಿಯೇ ನೂರಕ್ಕೂ ಹೆಚ್ಚು ಎಚ್ಚರಿಕೆಯ ಸೂಚನೆಗಳು ಒಟ್ಟಿಗೆ ಮೊಳಗಿದ್ದುವು. ಮುಖ್ಯವಾದುದನ್ನು ಅಲ್ಲದುದರಿಂದ ಬೇರ್ಪಡಿಸುವ ಉಪಾಯವೇ ಇರಲಿಲ್ಲ. ಕವಾಟದಿಂದ ಹೊರಬಿದ್ದ ನೀರು ಸೇರುತ್ತಿದ್ದ ತೊಟ್ಟಿಯ ಮಾಪಕವು ನಿಜವನ್ನು ಹೇಳಬಲ್ಲುದಾಗಿತ್ತು. ಆದರೆ ಅದನ್ನು ಮುಖ್ಯ ಫಲಕದ ಹಿಂಬದಿಯಲ್ಲಿ ಅಳವಡಿಸಲಾಗಿತ್ತು.

ಮನೆಯ ಮೇಜಿನ ಮೇಲಿನ ಯಂತ್ರದಲ್ಲಿ ಅಪಾಯವು ಇಷ್ಟು ಘೋರವಲ್ಲ. ಕಳೆದರೆ ಒಂದು ಡಿಸ್ಕು, ಅದರಲ್ಲಿದ್ದ ಕೆಲವು ವರ್ಷಗಳ ಬರಹ ಮತ್ತು ಚಿತ್ರಗಳು. ಕಳೆದುಕೊಂಡವನಿಗೆ ಅದೂ ಸಣ್ಣದಲ್ಲ. ಬಲ್ಲ ರಚನಕಾರನು ಫಲಕದ ಮೇಲೆ ಹತ್ತಿಪ್ಪತ್ತು ಅಂಕಿಗಳನ್ನು ತುಂಬುವುದಿಲ್ಲ. ಪ್ರೊಸೆಸರಿನ ಉಷ್ಣತೆ, ಫ್ಯಾನಿನ ನಿಜವಾದ ಸುತ್ತು, ಡಿಸ್ಕಿನ ಆರೋಗ್ಯ ಇಷ್ಟನ್ನು ಕಣ್ಣಿಗೆ ಎದುರಾಗಿ ಇಡುತ್ತಾನೆ. ಮಿಕ್ಕವು ಕೇಳಿದಾಗ ಬಂದರೆ ಸಾಕು.

ಚಿಕ್ಕ ಪರದೆಯ ಮಿತಿಯೇ ಇಲ್ಲಿ ಒಳ್ಳೆಯ ಗುರು. ಜಪಾನಿನ ಹಿಟಾಚಿ ಸಂಸ್ಥೆಯ ಎಚ್‌ಡಿ44780 ಎಂಬ ಬಿಲ್ಲೆಯಿಂದ ನಡೆಯುವ ಅಗ್ಗದ ಪರದೆಯಲ್ಲಿ ಎರಡು ಸಾಲು, ಸಾಲಿಗೆ 16 ಮನೆ, ಮನೆಗೆ 5 ಚುಕ್ಕೆ ಅಗಲ, 8 ಚುಕ್ಕೆ ಎತ್ತರ. ಜಪಾನಿನ ಲಿಪಿಗೆ ಅದರಲ್ಲಿ ಸ್ಥಳವುಂಟು, ಕನ್ನಡಕ್ಕಿಲ್ಲ. ಬಳಸುವವನು ತಾನೇ ಬರೆದು ಸೇರಿಸಬಹುದಾದ ಅಕ್ಷರಗಳು ಎಂಟು ಮಾತ್ರ, ಅವುಗಳಲ್ಲಿಯೂ ಒತ್ತಕ್ಷರಕ್ಕೆ ಕೆಳಗೆ ಎಡೆಯಿಲ್ಲ. ಆದರೆ ಆ ಎಂಟನ್ನು ಜಾಣತನದಿಂದ ಬಳಸಿ, ಒಂದು ಸಾಲಿನುದ್ದಕ್ಕೂ ಬೆಳೆಯುವ ಪಟ್ಟಿಯನ್ನು ಮಾಡುವವರಿದ್ದಾರೆ. 16 ಮನೆಗಳಿಗೆ ಐದೈದು ಚುಕ್ಕೆಯಂತೆ 80 ಹೆಜ್ಜೆ. ಪಟ್ಟಿಯನ್ನು 20 ಡಿಗ್ರಿಯಿಂದ 100 ಡಿಗ್ರಿಯವರೆಗೆ ಹಂಚಿದರೆ ಹೆಜ್ಜೆಗೊಂದು ಡಿಗ್ರಿ. ಕೊಠಡಿಯ ಆಚೆ ಬದಿಯಿಂದ ಅಂಕಿಯನ್ನು ಓದಲಾರದವನಿಗೂ ಪಟ್ಟಿಯ ಉದ್ದವು ಕಾಣುತ್ತದೆ. ಬಣ್ಣವೊಂದನ್ನೇ ನಂಬುವುದು ಯುಕ್ತವಲ್ಲ. ಕೆಂಪನ್ನೂ ಹಸಿರನ್ನೂ ಬೇರ್ಪಡಿಸಿ ಕಾಣಲಾರದ ಕಣ್ಣುಗಳು, ವಿಶೇಷವಾಗಿ ಗಂಡಸರಲ್ಲಿ, ವಿರಳವೇನಲ್ಲ.

ಇನ್ನು ಫಲಕವು ಎಷ್ಟು ಸಲ ಹೊಸದಾಗಬೇಕು? ಸೆಕೆಂಡಿಗೆ ಹತ್ತು ಬಾರಿ ಸಂವೇದಕಗಳನ್ನು ಎಬ್ಬಿಸಿ ಕೇಳುವ ತಂತ್ರಾಂಶವು ತಾನು ಅಳೆಯಬೇಕಾದ ಶಾಖಕ್ಕೆ ತಾನೇ ಸ್ವಲ್ಪ ಸೇರಿಸುತ್ತದೆ. ಸೆಕೆಂಡಿಗೊಮ್ಮೆ ಧಾರಾಳವಾಗಿ ಸಾಕು. ಎಚ್ಚರಿಕೆಯ ದೀಪಕ್ಕೆ ಒಂದೇ ಗಡಿ ಇಟ್ಟರೆ, ಉಷ್ಣತೆಯು 79ಕ್ಕೂ 80ಕ್ಕೂ ನಡುವೆ ತೂಗಾಡುವಾಗ ಅದು ಮಿಣುಕುತ್ತಲೇ ಇರುತ್ತದೆ, ನೋಡುವವನು ಬೇಸತ್ತು ಅದನ್ನು ಲೆಕ್ಕಿಸದಾಗುತ್ತಾನೆ. 80ರಲ್ಲಿ ಹತ್ತಿ, 70ಕ್ಕೆ ಇಳಿದ ಮೇಲೆಯೇ ಆರುವಂತೆ ಮಾಡುವುದು ರೂಢಿ.

ಫಲಕವು ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸುವ ಕ್ರಮ ಸರಳವಾದುದು. ಫ್ಯಾನಿನ ಜೋಡಣೆಯನ್ನು ಕ್ಷಣಕಾಲ ಕಳಚಿದಾಗ ಸುತ್ತಿನ ಸ್ಥಾನದಲ್ಲಿ ಸೊನ್ನೆ ಬರಬೇಕು. ಯಂತ್ರಕ್ಕೂ ಫಲಕಕ್ಕೂ ನಡುವಣ ತಂತಿಯನ್ನು ಕಿತ್ತಾಗ ಮೂರು ಸೆಕೆಂಡುಗಳೊಳಗೆ ಅಂಕಿಗಳೆಲ್ಲ ಅಳಿಸಿಹೋಗಿ ಬರಿಯ ಅಡ್ಡಗೆರೆಗಳು ಮೂಡಬೇಕು. ಸುದ್ದಿ ನಿಂತುಹೋಗಿದ್ದರೂ ಕೊನೆಯದಾಗಿ ಕೇಳಿದ 42 ಡಿಗ್ರಿಯನ್ನೇ ಶಾಂತವಾಗಿ ಬೆಳಗುತ್ತ ಕುಳಿತ ಫಲಕವನ್ನು ಬಿಚ್ಚಿ, ಮತ್ತೆ ಬೆಸುಗೆಯ ಮೇಜಿಗೆ ಒಯ್ಯಬೇಕಾಗುತ್ತದೆ.