ಮೋಟಾರು ಕಾರಿನ ಹೊಗೆಗೊಳವೆ: ದುರಸ್ತಿಯೋ, ಬದಲಾವಣೆಯೋ?

ಮೋಟಾರು ಕಾರಿನಲ್ಲಿ ಪಯಣಿಸುವವರು ಅದರ ಎಂಜಿನ್ನು, ಚಕ್ರಗಳ ವಿಷಯವಾಗಿ ಅಷ್ಟಿಷ್ಟು ಬಲ್ಲವರಾಗಿರುತ್ತಾರೆ. ಆಸನದ ಕೆಳಗೇ ಹಾಯ್ದುಹೋಗುವ ಹೊಗೆಗೊಳವೆಯ ಪರಿಚಯವಾದರೋ, ಅದು ಒಡೆದು ಗರ್ಜಿಸತೊಡಗಿದಾಗಲೇ ಆಗುವುದು. ಎಂಜಿನ್ನಿಗೆ ಹತ್ತಿಕೊಂಡಿರುವ ಕವಲುಗೊಳವೆಯಾದ ಮ್ಯಾನಿಫೋಲ್ಡು, ಅನಂತರ ವಿಷಾನಿಲವನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರು, ಮುಂದೆ ಸೈಲೆನ್ಸರು, ಕಡೆಯಲ್ಲಿ ಬಾಲಗೊಳವೆ, ಇದು ಅದರ ಕ್ರಮ. ಸದ್ದಡಗಿಸುವ ಒಂದು ಡಬ್ಬಿಗೆ ಸಲ್ಲುವ ಸೈಲೆನ್ಸರೆಂಬ ಹೆಸರನ್ನು ಜನರು ಇಡೀ ಕೊಳವೆಗೇ ಕೊಟ್ಟಿದ್ದಾರೆ. ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂಬ ಶಾಸ್ತ್ರಕಾರರ ನ್ಯಾಯವು ಗ್ಯಾರೇಜಿನಲ್ಲಿಯೂ ನಡೆಯುತ್ತದೆ!

ಈ ಕೊಳವೆ ಸವೆಯುವುದಕ್ಕೆ ಹೊರಗಿನ ಕೆಸರುನೀರು ಮಾತ್ರವೇ ಕಾರಣವಲ್ಲ. ಒಂದು ಲೀಟರು ಪೆಟ್ರೋಲು ಉರಿದಾಗ ಒಂದು ಲೀಟರಿಗೆ ತುಸುವೇ ಕಡಿಮೆಯಾದ ನೀರು ಆವಿರೂಪದಲ್ಲಿ ಹುಟ್ಟುತ್ತದೆ. ದೂರ ಓಡುವ ಕಾರಿನಲ್ಲಿ ಕೊಳವೆ ಚೆನ್ನಾಗಿ ಕಾದು ಆ ಆವಿ ಹೊರಬೀಳುವುದು. ಮನೆಯಿಂದ ಪೇಟೆಗೆ ಹೋಗಿ ನಿಲ್ಲುವ ಕಾರಿನಲ್ಲಿ ಅದು ಸೈಲೆನ್ಸರಿನೊಳಗೇ ತಣಿದು ನೀರಾಗಿ, ದಹನದಿಂದುಂಟಾದ ಆಮ್ಲಾಂಶದೊಡನೆ ಬೆರೆತು, ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಕಡಿಮೆ ಓಡಿದ ಕಾರಿನ ಸೈಲೆನ್ಸರು ಮೊದಲು ತೂತಾಗುವುದರ ಮರ್ಮ ಇದೇ.

ತೂತಿನಿಂದ ಸದ್ದು ಹೆಚ್ಚುವುದು ಸಣ್ಣ ತೊಂದರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಕೂಡಿಕೊಳ್ಳುತ್ತದೆ. ಕಾರಿನ ತಳದ ಸಂದುಗಳಿಂದ ಅದು ಒಳನುಗ್ಗಿದರೆ ಮೊದಲು ತಲೆನೋವು, ಬಳಿಕ ತಲೆಸುತ್ತು, ಓಕರಿಕೆ. ಎಚ್ಚರವಿದ್ದವನು ಇವನ್ನು ಅರಿತು ಎಂಜಿನ್ನು ನಿಲ್ಲಿಸಿ ಹೊರಬಂದಾನು. ಕಿಟಕಿ ಮುಚ್ಚಿದ ಕಾರಿನ ಹಿಂದಿನ ಆಸನದಲ್ಲಿ ನಿದ್ರಿಸುವ ಮಗುವಿಗೆ ಆ ಎಚ್ಚರಿಕೆ ದೊರೆಯುವುದಿಲ್ಲ. ಆದಕಾರಣ ಈ ಕೆಲಸವನ್ನು ಮುಂದಿನ ತಿಂಗಳಿಗೆ ತಳ್ಳುವುದು ಸಲ್ಲದು.

ಪರೀಕ್ಷೆಗೆ ಕೊಳವೆ ಪೂರ್ಣ ತಣಿದಿರಬೇಕು. ಜ್ಯಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾರೂ ನುಸುಳಕೂಡದು; ಗಟ್ಟಿಯಾದ ಆಧಾರಗಳು ಬೇಕು. ಸೋರುವೆಡೆಯಲ್ಲಿ ಮಸಿ ಹತ್ತಿರುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಲೋಹ ಖಣಿಲೆನ್ನುತ್ತದೆ. ತುಕ್ಕು ತಿಂದದ್ದು ಬೊದ್ದೆನ್ನುತ್ತದೆ. ತೂತಿನ ಸುತ್ತಲ ಲೋಹ ಗಟ್ಟಿಯಾಗಿದ್ದರೆ ಬೆಸುಗೆ ನಿಲ್ಲುವುದು. ಬೊದ್ದೆಂದರೆ ಬೆಸುಗೆಯ ಬಿಸಿಗೆ ತಗಡೇ ಕರಗಿ ತೂತು ದೊಡ್ಡದಾಗುವುದು, ಅಲ್ಲಿ ಹೊಸ ಭಾಗವೇ ಗತಿ. ಅಂಟು ಬಳಿದು ಪಟ್ಟಿ ಸುತ್ತುವುದು ಗ್ಯಾರೇಜು ಮುಟ್ಟುವವರೆಗಿನ ಉಪಾಯವಷ್ಟೆ. ಎರಕದ ಕಬ್ಬಿಣದ ಮ್ಯಾನಿಫೋಲ್ಡು ಬಿರಿದರೆ ಬೆಸೆಯುವುದು ಕಠಿಣ. ತಣಿಯುವಾಗ ಪಕ್ಕದಲ್ಲೇ ಮತ್ತೆ ಬಿರಿಯುವುದುಂಟು.

ಕನ್ವರ್ಟರಿನ ಮಾತು ಬೇರೆ. ಭಾರತದ ನಾಲ್ಕು ಮಹಾನಗರಗಳಲ್ಲಿ 1995ರಿಂದ ಹೊಸ ಪೆಟ್ರೋಲು ಕಾರುಗಳಿಗೆ ಇದು ಕಡ್ಡಾಯವಾಯಿತು. ಇದರೊಳಗಿನ ಜೇನುಗೂಡಿನಂಥ ರಚನೆಯ ಮೇಲೆ ಪ್ಲಾಟಿನಂ, ಪಲಾಡಿಯಂ, ರೋಡಿಯಂಗಳ ತೆಳುಲೇಪವಿರುತ್ತದೆ. ಒಡೆದರೆ ದುರಸ್ತಿಯಿಲ್ಲ. ದುಬಾರಿಯೆಂದು ಅದನ್ನು ಕಿತ್ತು ಬರಿಯ ಕೊಳವೆ ಜೋಡಿಸುವವರುಂಟು. ತಮ್ಮ ಹಣವುಳಿಸಿ ಬೀದಿಯವರ ಉಸಿರಿಗೆ ವಿಷವಿಕ್ಕುವ ಲೆಕ್ಕವದು.

ಹೊಸ ಭಾಗವನ್ನು ಕೂರಿಸುವಾಗ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಬಾರದು. ತೂಗುಹಾಕುವ ರಬ್ಬರು ಬಿರಿದಿದ್ದರೆ ಅದೂ ಹೊಸದಾಗಬೇಕು. ಎಷ್ಟೋ ಸಲ ಸೈಲೆನ್ಸರು ಜೋತುಬಿದ್ದು ಸಂದು ಮುರಿಯುವುದು ಈ ಚೂರಿನಿಂದಲೇ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಸೇರಿಸಿ, ಕೊಳವೆ ಬ್ರೇಕಿನ ನಳಿಗೆಗಾಗಲಿ ಪೆಟ್ರೋಲಿನ ನಳಿಗೆಗಾಗಲಿ ತಾಗದಂತೆ ನೋಡಿಕೊಂಡು, ಆಮೇಲೆ ಬಿಗಿಯತಕ್ಕದ್ದು. ಮೊದಲ ಕಾವಿಗೆ ಬಿಗಿಪಟ್ಟಿಗಳು ಸಡಿಲಗೊಳ್ಳುವುದುಂಟು. ತಣಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.