ಅರ್ಧ ನೆನಪಿನ ಕೋಲಾಟ

ಪ್ರಶ್ನೆ: ಗೌರಿ ಹಬ್ಬಕ್ಕೆ ನಮ್ಮ ಕೇರಿಯ ಹೆಂಗಸರು ಆಡುತ್ತಿದ್ದ ಕೋಲಾಟವೊಂದು ನಿಂತು ಬಹಳ ವರ್ಷವಾಯಿತು. ಆಡಿದವರಲ್ಲಿ ಈಗ ಉಳಿದಿರುವವರು ನಮ್ಮಜ್ಜಿ ಮತ್ತು ಅವರ ವಾರಗಿತ್ತಿ ಇಬ್ಬರೇ. ಒಳಗೆ ನಾಲ್ವರು, ಹೊರಗೆ ನಾಲ್ವರು ಎದುರುಬದುರು ನಿಂತು ನಾಲ್ಕು ಜೋಡಿ. ಹಾಡು ಇಬ್ಬರಿಗೂ ಪೂರ್ತಿ ಬರುತ್ತದೆ; ಪಲ್ಲವಿ ಒಂದು ಸಲ ಹಾಡಿದರೆ 16 ಎಣಿಕೆ. ಅವರು ಹೇಳಿದಂತೆ ಆಡಿದರೆ ಎಂಟು ಪೆಟ್ಟು, ಆಮೇಲೆ ನಾಲ್ಕು ಎಣಿಕೆ, ಒಟ್ಟು 12ಕ್ಕೇ ಆಟ ಮುಗಿದುಹೋಗುತ್ತದೆ. ಸಾಲದ್ದಕ್ಕೆ ಪೆಟ್ಟಾದ ಮೇಲೆ ‘ನಿಂತಲ್ಲೇ ಒಂದು ಸುತ್ತು ತಿರುಗಬೇಕು’ ಎಂದು ಅಜ್ಜಿ, ‘ತಿರುಗೋದು ಎಲ್ಲಿ ಬಂತು, ಪಕ್ಕದೋಳ ಹತ್ರ ಸರೀಬೇಕು’ ಎಂದು ಚಿಕ್ಕಜ್ಜಿ. ದಿನಾ ಇದೇ ವಾದ. ಯಾರ ಮಾತು ಹಿಡಿಯಲಿ?
— ಓದುಗರು, ಯಗಟಿ

ಉತ್ತರ: ಇಬ್ಬರದನ್ನೂ ಹಿಡಿಯಿರಿ. ಅಜ್ಜಿ ಯಾವ ಸುತ್ತಿನಲ್ಲಿ ನಿಲ್ಲುತ್ತಿದ್ದರು, ಚಿಕ್ಕಜ್ಜಿ ಯಾವ ಸುತ್ತಿನಲ್ಲಿ ಎಂದು ಮೊದಲು ಕೇಳಿ. ಒಬ್ಬರು ಒಳಸುತ್ತು, ಇನ್ನೊಬ್ಬರು ಹೊರಸುತ್ತು ಎಂಬ ಉತ್ತರ ಬಂದರೆ ವಾದ ಅಲ್ಲಿಗೇ ಮುಗಿಯಿತು. ಒಳಗಿನವರು ನಿಂತಲ್ಲೇ ತಿರುಗುವ ಹೊತ್ತಿಗೆ ಹೊರಗಿನವರು ಒಂದು ಸ್ಥಾನ ಮುಂದೆ ಸರಿಯುತ್ತಾರೆ. ಆಡಿದವರು ತಮ್ಮ ಹೆಜ್ಜೆಯನ್ನು ಮಾತ್ರ ಹೇಳುತ್ತಾರೆ. ಎದುರಿನವಳು ಏನು ಮಾಡಿದಳು ಎಂಬುದು ಅವರ ಮೈಗೆ ಗೊತ್ತಿಲ್ಲ. ಹಳೆಯ ಆಟಗಾರರ ನಡುವಿನ ಇಂಥ ಭಿನ್ನಾಭಿಪ್ರಾಯ ಬಂದಾಗಲೆಲ್ಲ ‘ಯಾರು ಸರಿ’ ಎನ್ನುವುದಕ್ಕಿಂತ ‘ಯಾರು ಎಲ್ಲಿ ನಿಂತಿದ್ದರು’ ಎಂದು ವಿಚಾರಿಸುವುದು ಮೇಲು.

ಇನ್ನು ಕಳೆದುಹೋದ ನಾಲ್ಕು ಎಣಿಕೆ. ಹಾಡು ಪೂರ್ತಿ ಉಳಿದಿರುವುದು ನಿಮ್ಮ ದೊಡ್ಡ ಭಾಗ್ಯ. ಹೆಜ್ಜೆ ಮರೆತರೂ ಅದು ಬಿಟ್ಟುಹೋದ ಜಾಗ ಎಷ್ಟು ಎಂಬುದನ್ನು ಹಾಡು ಹೇಳುತ್ತದೆ: ನಾಲ್ಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೋಲಾಟದವರು ಸಾಮಾನ್ಯವಾಗಿ ಕಿವಿಯಿಂದ ಎಣಿಸುತ್ತಾರೆ, ಅಂದರೆ ಪೆಟ್ಟು ಕೇಳಿದ್ದು ಲೆಕ್ಕಕ್ಕೆ ಬರುತ್ತದೆ, ಕೋಲು ಸುಮ್ಮನಿರುವ ಎಣಿಕೆ ಜಾರಿಹೋಗುತ್ತದೆ. ಹಾಗಾಗಿ ನಾನು ಮೊದಲು ಅನುಮಾನಿಸುವುದು ಸದ್ದಿಲ್ಲದ ಎಣಿಕೆಗಳನ್ನು. ಹಾಗೆ ನೋಡಿದರೆ ನಿಮ್ಮ ಆಟಕ್ಕೆ ಎರಡು ದಾರಿಗಳಿವೆ. ಒಂದು, ಸರಿಯುವುದಕ್ಕೇ ಎಂಟು ಎಣಿಕೆ ಇತ್ತು, ಹೊರಗಿನವರು ಒಂದಲ್ಲ, ಎರಡು ಸ್ಥಾನ ದಾಟುತ್ತಿದ್ದರು. ಇನ್ನೊಂದು, ನಾಲ್ಕರಲ್ಲಿ ಸರಿದು, ಉಳಿದ ನಾಲ್ಕರಲ್ಲಿ ಹೊಸ ಜೊತೆಗಾತಿಯೊಂದಿಗೆ ಕೋಲು ತಟ್ಟದೆ ಸುತ್ತು ಮುಗಿಸುತ್ತಿದ್ದರು.

ಎರಡರಲ್ಲಿ ಯಾವುದು ಎಂದು ತಿಳಿಯಲು ಅಜ್ಜಿಯನ್ನು ಹೆಜ್ಜೆಯ ಬಗ್ಗೆ ಕೇಳಬೇಡಿ. ‘ನಿಮ್ಮ ಜೊತೆಗಾತಿ ಮತ್ತೆ ಎದುರಿಗೆ ಬರುವಷ್ಟರಲ್ಲಿ ಎಷ್ಟು ಜನರ ಜೊತೆ ಆಡಿರುತ್ತಿದ್ದಿರಿ?’ ಎಂದು ಕೇಳಿ. ಒಂದೊಂದೇ ಸ್ಥಾನ ಸರಿದಿದ್ದರೆ ಮಿಕ್ಕ ಮೂವರೂ ಬಂದು ಹೋಗಿ ಜೊತೆಗಾತಿ ಮರಳಬೇಕು. ಎರಡೆರಡು ಸ್ಥಾನ ಸರಿದಿದ್ದರೆ ಒಬ್ಬಳೇ ಒಬ್ಬಳು ನಡುವೆ ಬರುತ್ತಾಳೆ, ಉಳಿದಿಬ್ಬರು ಎದುರಿಗೆ ಬರುವುದೇ ಇಲ್ಲ. ಯಾರ ಜೊತೆ ಆಡಿದೆ ಎಂಬುದು ಮುಖದ ನೆನಪು. ಕಾಲಿನ ನೆನಪು ಮಾಸಿದ ಮೇಲೂ ಅದು ಉಳಿದಿರುತ್ತದೆ. ಜೊತೆಗಾತಿ ಸಿಗುತ್ತಿದ್ದುದು ದೇವರ ಗುಡಿಯ ಕಡೆಯೋ, ಅದರ ಎದುರು ಕಡೆಯೋ ಎಂದೂ ಕೇಳಿ. ಒಳಸುತ್ತು ಕದಲದ ಆಟದಲ್ಲಿ ಅಜ್ಜಿಗೆ ಎಲ್ಲರೂ ಒಂದೇ ಜಾಗದಲ್ಲಿ ಸಿಗಬೇಕು. ಜೊತೆಗಾತಿ ಸುತ್ತಿನ ಆಚೆ ತುದಿಯಲ್ಲಿ ಸಿಕ್ಕಳು ಎಂದರೆ ಆಟವೇ ಬೇರೆ: ಎಂಟೂ ಜನ ಒಂದೇ ಸುತ್ತಿನಲ್ಲಿ ನಿಂತು, ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ ಹೆಣೆದುಕೊಂಡು ಹೋಗುವ ಆಟ. ಅದರಲ್ಲಿ ನಾಲ್ಕು ದಾಟು ಮುಗಿದಾಗ ಜೊತೆಗಾತಿ ಅರ್ಧ ಸುತ್ತಿನಾಚೆ ಎದುರಾಗುತ್ತಾಳೆ, ಎಂಟಾದಾಗ ಹೊರಟ ಜಾಗಕ್ಕೆ ಬರುತ್ತಾಳೆ.

ಹೀಗೆ ಕೇಳುವಾಗ ಇಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಬೇಡಿ. ಆಗುವುದಾದರೆ ಎದುರುಬದುರು ನಿಲ್ಲಿಸಿ, ಕೈಗೆ ಕೋಲು ಕೊಡಿ, ನೀವು ಹಾಡಿ. ನಿಲ್ಲಲಾಗದಿದ್ದರೆ ಕೂತೇ ಕೋಲು ಹಿಡಿಯಲಿ. ತನ್ನ ಕೋಲಿಗೆ ತಾನು ತಟ್ಟಿಕೊಳ್ಳುವುದು, ಬಲಕ್ಕೆ ಬಲ, ಎಡಕ್ಕೆ ಎಡ ಎಂಬ ಕ್ರಮವನ್ನು ಬಾಯಿ ತಪ್ಪಿ ಹೇಳಿದರೂ ಕೈ ತಪ್ಪುವುದು ಕಡಿಮೆ. ಎರಡನೇ ಕಾಲಕ್ಕೆ ಹಾಡಿ ನೋಡುವುದನ್ನೂ ಮರೆಯಬೇಡಿ. ನಿಧಾನದಲ್ಲಿ ಯೋಚಿಸಿ ತಡವರಿಸುವ ಮೈ, ವೇಗ ಏರಿದಾಗ ಯೋಚಿಸಲು ಬಿಡುವಿಲ್ಲದೆ ಸರಿಯಾದ ಹೆಜ್ಜೆಗೆ ಬಿದ್ದುಬಿಡುವುದುಂಟು.

ಈ ಕೆಲಸ ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಲಂಡನ್ನಿನ ಜಾನ್ ಪ್ಲೇಫೋರ್ಡ್ 1651ರಲ್ಲಿ ಹಳ್ಳಿ ಕುಣಿತಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಅದರಲ್ಲಿ ಮಟ್ಟು ಇದೆ, ಯಾರು ಎತ್ತ ಚಲಿಸಬೇಕು ಎಂಬ ಚುಟುಕು ಸೂಚನೆಯಿದೆ, ಉಳಿದದ್ದು ಓದುವವನ ಊಹೆಗೆ. ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ಸೆಸಿಲ್ ಶಾರ್ಪ್ ಆ ಸೂಚನೆಗಳನ್ನು ಮಟ್ಟಿನ ಉದ್ದಕ್ಕೆ ಹೊಂದಿಸುತ್ತಾ ಕುಣಿತಗಳನ್ನು ಮತ್ತೆ ಕಟ್ಟಿದರು. 1911ರಲ್ಲಿ ಇಂಗ್ಲಿಷ್ ಜನಪದ ನೃತ್ಯ ಸಂಘವನ್ನೂ ಸ್ಥಾಪಿಸಿದರು. ಅದೇ ವಂಶದ ಅಮೆರಿಕದ ಕಾಂಟ್ರಾ ಕುಣಿತದಲ್ಲಿ ಜೋಡಿಗಳು ಎರಡು ಸಾಲಾಗಿ ಎದುರು ನಿಲ್ಲುತ್ತವೆ. ಮಟ್ಟು ಸಾಮಾನ್ಯವಾಗಿ 64 ಎಣಿಕೆ, ಅದು ಮುಗಿಯುವಷ್ಟರಲ್ಲಿ ಪ್ರತಿ ಜೋಡಿಯೂ ಒಂದು ಸ್ಥಾನ ಸರಿದಿರಬೇಕು. ಅಲ್ಲಿಯೂ ಅರ್ಧ ಮರೆತದ್ದನ್ನು ಪರೀಕ್ಷಿಸುವುದು ಇದೇ ಎರಡು ಪ್ರಶ್ನೆಗಳಿಂದ: ಎಣಿಕೆ ತುಂಬಿತೇ, ಕಾಲು ಸರಿಯಾದ ಜಾಗಕ್ಕೆ ಬಂತೇ. ಶಾರ್ಪ್‌ಗೆ ಪುಸ್ತಕವಿತ್ತು, ಅದನ್ನು ಆಡಿದ್ದವರು ಒಬ್ಬರೂ ಇರಲಿಲ್ಲ. ನಿಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ದಯವಿಟ್ಟು ಮುಂದಿನ ಹಬ್ಬದವರೆಗೆ ಕಾಯಬೇಡಿ, ಈ ವಾರವೇ ಕೂತುಕೊಳ್ಳಿ.

ಪ್ರಶ್ನೆ: ಶಾಲೆಯ ವಾರ್ಷಿಕೋತ್ಸವಕ್ಕೆ 12 ಮಕ್ಕಳಿಂದ ಜಡೆ ಕೋಲಾಟ ಮಾಡಿಸುತ್ತಿದ್ದೇನೆ. ಹೆಣೆಯುವುದು ಚೆನ್ನಾಗಿ ಬರುತ್ತದೆ. ಬಿಚ್ಚುವಾಗ ಪ್ರತಿ ಸಲವೂ ಹಗ್ಗ ಗಂಟಾಗುತ್ತದೆ. ನಾನು ಚಿಕ್ಕವಳಿದ್ದಾಗ ಆಡಿದ್ದೆ, ಆದರೆ ಬಿಚ್ಚುವ ಕ್ರಮ ನೆನಪಿಲ್ಲ.
— ಶಿಕ್ಷಕಿ, ಬೀರೂರು

ಉತ್ತರ: ಆರು ಮಕ್ಕಳು ಬಲಕ್ಕೆ, ಆರು ಮಕ್ಕಳು ಎಡಕ್ಕೆ, ಎದುರಾದವರನ್ನು ಒಮ್ಮೆ ಹೊರಗಿನಿಂದ, ಮುಂದಿನವರನ್ನು ಒಳಗಿನಿಂದ ದಾಟುವುದು. ಇದು ನಿಮ್ಮ ಮಕ್ಕಳಿಗೆ ಬಂದಿದೆ. ತಪ್ಪುತ್ತಿರುವುದು ತಿರುಗಿದ ಮೇಲಿನ ಮೊದಲನೇ ದಾಟಿನಲ್ಲಿ ಇರಬೇಕು. ಹೆಣೆಯುವಾಗ ‘ಹೊರಗೆ’ ಎಂದು ಶುರು ಮಾಡಿದ ಮಗು ಬಿಚ್ಚುವಾಗಲೂ ಅಭ್ಯಾಸಬಲದಿಂದ ‘ಹೊರಗೆ’ ಎಂದೇ ಶುರು ಮಾಡುತ್ತದೆ. ಆದರೆ ಬಿಚ್ಚುವುದೆಂದರೆ ಬಂದ ದಾರಿಯಲ್ಲೇ ಮರಳುವುದು. ಕೊನೆಗೆ ಯಾರನ್ನು ದಾಟಿತ್ತೋ ಅವರನ್ನೇ ಮೊದಲು, ಯಾವ ಕಡೆಯಿಂದ ದಾಟಿತ್ತೋ ಅದೇ ಕಡೆಯಿಂದ ದಾಟಬೇಕು. ಹೊರಗಿನಿಂದ ಶುರುವಾಗಿ ದಾಟುಗಳ ಸಂಖ್ಯೆ ಸಮವಾಗಿದ್ದರೆ ಕೊನೆಯದು ‘ಒಳಗೆ’ ಆಗಿರುತ್ತದೆ, ಆದ್ದರಿಂದ ಬಿಚ್ಚುವುದೂ ‘ಒಳಗೆ’ ಎಂದೇ ಶುರು. ಸಂಖ್ಯೆ ಬೆಸವಾಗಿದ್ದರೆ ‘ಹೊರಗೆ’.

ಸುಲಭದ ದಾರಿ ಬೇಕೆಂದರೆ ಯಾವಾಗಲೂ ಬೆಸ ಸಂಖ್ಯೆಯ ದಾಟಿಗೆ ನಿಲ್ಲಿಸಿ. ಆಗ ಹೆಣೆಯಲು ಹೊರಟ ರೀತಿಯಲ್ಲೇ ಬಿಚ್ಚಲೂ ಹೊರಡಬಹುದು. ಪಲ್ಲವಿ ಎಲ್ಲಿ ಮುಗಿಯುತ್ತದೋ ಅಲ್ಲಿ ಬೆಸ ದಾಟು ಬೀಳುವಂತೆ ಹೊಂದಿಸಿಕೊಂಡರೆ ಮಕ್ಕಳು ಎಣಿಸುವ ಕಷ್ಟವೂ ತಪ್ಪುತ್ತದೆ. ಬಲಕ್ಕೆ ಹೋಗುವವರ ಹಗ್ಗಕ್ಕೆ ಒಂದು ಬಣ್ಣ, ಎಡಕ್ಕೆ ಹೋಗುವವರದಕ್ಕೆ ಇನ್ನೊಂದು ಬಣ್ಣ ಕೊಡಿ. ಹೆಣಿಗೆ ತಪ್ಪಿದರೆ ಎರಡು ಬಣ್ಣ ಒಂದರ ಮೇಲೊಂದು ಬರುವ ಕ್ರಮ ಕೆಟ್ಟಿರುವುದು ದೂರದಿಂದಲೇ ಕಾಣುತ್ತದೆ. ನೀವು ಆಡಿದ ಕಾಲದ ಫೋಟೊ ಯಾರ ಮನೆಯಲ್ಲಾದರೂ ಇದ್ದು, ಅದರಲ್ಲಿ ಜಡೆ ಸ್ಪಷ್ಟವಾಗಿ ಬಿದ್ದಿದ್ದರೆ ಬಿಡಬೇಡಿ. ಮಿಕ್ಕ ಕುಣಿತಗಳಂತಲ್ಲ, ಆಡಿದ ದಾಟುಗಳೆಲ್ಲ ಹಗ್ಗದಲ್ಲೇ ದಾಖಲಾಗಿರುವ ಆಟ ಇದು. ಕೆಳಗಿನಿಂದ ಮೇಲಕ್ಕೆ ಓದಿದರೆ ಕೊನೆಯ ದಾಟಿನಿಂದ ಮೊದಲಿನದರವರೆಗೂ ಸಿಗುತ್ತದೆ.

ಪ್ರಶ್ನೆ: ಎಷ್ಟು ವಿಚಾರಿಸಿದರೂ ಸಿಗದ ಭಾಗಕ್ಕೆ ನಾವೇ ಹೊಸ ಹೆಜ್ಜೆ ಸೇರಿಸಿದರೆ ತಪ್ಪಾಗುತ್ತದೆಯೇ?
— ಯುವಕ ಸಂಘದ ಸದಸ್ಯರು, ಅಜ್ಜಂಪುರ

ಉತ್ತರ: ತಪ್ಪಿಲ್ಲ, ಸೇರಿಸಿದ್ದನ್ನು ಮುಚ್ಚಿಡುವುದು ತಪ್ಪು. ಒಂದು ನೋಟ್‌ಬುಕ್ ಇಟ್ಟು, ಹಿರಿಯರಿಂದ ಕೇಳಿದ್ದನ್ನು ಒಂದು ಶಾಯಿಯಲ್ಲಿ, ನೀವು ಸೇರಿಸಿದ್ದನ್ನು ಇನ್ನೊಂದು ಶಾಯಿಯಲ್ಲಿ ಬರೆಯಿರಿ. ಸಿನಿಮಾ ಹೆಜ್ಜೆ ತುರುಕುವ ಬದಲು, ಅದೇ ತಾಳದಲ್ಲಿ ಆಡುವ ಪಕ್ಕದೂರಿನ ತಂಡದಿಂದ ಒಂದು ವರಸೆ ಕೇಳಿ ಪಡೆಯಿರಿ, ಊರಿನ ಹೆಸರನ್ನೂ ಬರೆದುಕೊಳ್ಳಿ. ನಿಮ್ಮ ಪಕ್ಕದ ತರೀಕೆರೆ ಸೀಮೆಯ ಗೊಂಡೇದಹಳ್ಳಿಯಲ್ಲಿ ಹುಟ್ಟಿದ ಗೊ.ರು. ಚನ್ನಬಸಪ್ಪನವರು ನಾಡಿನ ಜನಪದ ಕಲೆಗಳನ್ನು ಗ್ರಂಥಕ್ಕೆ ತಂದವರು. ಆ ಕೆಲಸದ ಒಂದು ಸಣ್ಣ ಪಾಲು ನಿಮ್ಮ ಸಂಘಕ್ಕೂ ಬರಲಿ.

ವಿಡಿಯೊ ಮಾಡುವಾಗ ಅಂಗಳದಲ್ಲಿ ನಿಂತು ಮುಖ ಹಿಡಿಯಬೇಡಿ. ಮಹಡಿಯ ಮೇಲೆ ಹೋಗಿ, ಇಡೀ ಸುತ್ತು ಚೌಕಟ್ಟಿನೊಳಗೆ ಬರುವಂತೆ, ಮೊಬೈಲನ್ನು ಅಲುಗಾಡದಂತೆ ಇಟ್ಟು ತೆಗೆಯಿರಿ. ಯಾರು ಎಲ್ಲಿಂದ ಎಲ್ಲಿಗೆ ಸರಿದರು ಎಂಬುದು ಮೇಲಿನಿಂದ ಮಾತ್ರ ಕಾಣುತ್ತದೆ. ಹೊರಸುತ್ತಿನವರಲ್ಲಿ ಒಬ್ಬರ ತಲೆಗೆ ಕೆಂಪು ವಸ್ತ್ರ ಕಟ್ಟಿದರೆ ಜಾಡು ಹಿಡಿಯುವುದು ಇನ್ನೂ ಸಲೀಸು. ಒಂದು ಸಲ ನಿಧಾನ ಕಾಲದಲ್ಲಿ, ಒಂದು ಸಲ ಆಡುವ ವೇಗದಲ್ಲಿ, ನಿಲ್ಲಿಸದೆ ಪೂರ್ತಿ ಆಡಿಸಿ ತೆಗೆಯಿರಿ.